ಹೊಸ ಉಪ್ಪುನೀರಿನ ಟ್ಯಾಂಕಿನಲ್ಲಿ ಪಾಚಿ: ಬಾಟಲಿ ಬದಿಗಿಡಿ, ಮೊದಲು ಯಾವ ಪಾಚಿ ಅಂತ ನೋಡಿ

ಪ್ರಶ್ನೆ: 200 ಲೀಟರಿನ ಉಪ್ಪುನೀರಿನ ಟ್ಯಾಂಕ್ ಶುರು ಮಾಡಿ ಎರಡು ತಿಂಗಳಾಯಿತು. ಒಣ ಕಲ್ಲು, ಹೊಸ ಮರಳು ಹಾಕಿದ್ದೇನೆ. ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ ಉಪ್ಪು ಕಲಸಿದ್ದು. ಎರಡು ಕ್ಲೌನ್ ಮೀನು ಇವೆ, ಹವಳ ಇನ್ನೂ ಇಲ್ಲ. ಲೈಟ್ ದಿನಕ್ಕೆ 12 ಗಂಟೆ ಉರಿಯುತ್ತದೆ. ಮೊದಲು ಮರಳೆಲ್ಲ ಕಂದು ಬಣ್ಣ ಆಯಿತು. ಈಗ ಕಲ್ಲಿನ ಮೇಲೆ ಹಸಿರು ಕೂದಲು, ಒಂದು ಮೂಲೆಯ ಮರಳಿನ ಮೇಲೆ ಕಡುಗೆಂಪು ಪದರ. ಟೆಸ್ಟ್ ಮಾಡಿದರೆ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ. ಹಾಗಾದರೆ ಪಾಚಿ ಎಲ್ಲಿಂದ ಬರ್ತಿದೆ? ಅಂಗಡಿಯವರು ಪಾಚಿ ಕೊಲ್ಲುವ ಔಷಧ ಕೊಟ್ಟಿದ್ದಾರೆ, ಹಾಕಲಾ? ಇಲ್ಲ ಎಲ್ಲ ಖಾಲಿ ಮಾಡಿ, ತೊಳೆದು, ಮತ್ತೆ ಶುರು ಮಾಡಲಾ?

ಉತ್ತರ: ಎರಡೂ ಬೇಡ. ಬಾಟಲಿ ಬದಿಗಿಡಿ, ಟ್ಯಾಂಕ್ ಖಾಲಿ ಮಾಡುವ ಯೋಚನೆಯನ್ನೂ ಬಿಡಿ. ನೀವು ಬರೆದದ್ದು ನೋಡಿದರೆ ಟ್ಯಾಂಕ್ ಕೆಟ್ಟಿದೆ ಅಂತ ನನಗೆ ಅನಿಸುತ್ತಿಲ್ಲ. ಎರಡು ತಿಂಗಳ ಟ್ಯಾಂಕ್ ಹೀಗೇ ಇರುತ್ತದೆ. ಹವಳ ಸಾಕುವವರು ಇದನ್ನು ‘ಅಗ್ಲಿ ಸ್ಟೇಜ್’ ಅಂತಲೇ ಕರೆಯುತ್ತಾರೆ. ಒಣ ಕಲ್ಲಿನಿಂದ ಶುರು ಮಾಡಿದವರಿಗೆ ಇದು ಕೆಲವು ತಿಂಗಳು ಎಳೆಯುವುದೂ ಉಂಟು. ಎಲ್ಲ ತೊಳೆದು ಮತ್ತೆ ಶುರು ಮಾಡಿದರೆ ಈಗ ದಾಟಿ ಬಂದ ಎರಡು ತಿಂಗಳನ್ನೇ ಮತ್ತೊಮ್ಮೆ ದಾಟಬೇಕು, ಅಷ್ಟೇ.

ಯಾಕೆ ಹೀಗಾಗುತ್ತದೆ ಅಂದರೆ, ನಿಮ್ಮ ಕಲ್ಲು ಒಣ ಕಲ್ಲು. ಸಮುದ್ರದಿಂದ ಹಸಿಯಾಗಿ ಬರುವ ಲೈವ್ ರಾಕ್ ಮೇಲೆ ಬ್ಯಾಕ್ಟೀರಿಯಾ, ಗುಲಾಬಿ ಬಣ್ಣದ ಕೋರಲೈನ್ ಪಾಚಿ, ಕಣ್ಣಿಗೆ ಕಂಡೂ ಕಾಣದ ಪುಟ್ಟ ಜೀವಿಗಳು ಆಗಲೇ ಜಾಗ ಹಿಡಿದು ಕೂತಿರುತ್ತವೆ. ಒಣ ಕಲ್ಲಿನಲ್ಲಿ ಅದೊಂದೂ ಇಲ್ಲ. ಉತ್ತು ಏನೂ ಬಿತ್ತದೆ ಬಿಟ್ಟ ಹೊಲದಲ್ಲಿ ಮೊದಲ ಮಳೆಗೆ ಕಳೆ ಏಳುವ ಹಾಗೆ, ಯಾರು ಬೇಗ ಬೆಳೆಯುತ್ತಾರೋ ಅವರು ಆ ಖಾಲಿ ಜಾಗ ಹಿಡಿಯುತ್ತಾರೆ. ಹಾಗಾಗಿ ಪಾಚಿಯನ್ನು ಪೂರ್ತಿ ಕೊಂದು ಮತ್ತೆ ಜಾಗ ಖಾಲಿ ಮಾಡಿಕೊಡುವುದರಿಂದ ಏನೂ ಗಿಟ್ಟುವುದಿಲ್ಲ. ಒಳ್ಳೆಯವು ಜಾಗ ಹಿಡಿಯುವ ತನಕ ಕೆಟ್ಟವುಗಳನ್ನು ಕೈಯಿಂದ ತೆಗೀತಾ ಇರಬೇಕು. ಬೇಜಾರಿನ ಕೆಲಸ, ಆದರೆ ಇದಕ್ಕಿಂತ ಹತ್ತಿರದ ದಾರಿ ನಾನಂತೂ ಕಂಡಿಲ್ಲ.

ನೀವು ಹೇಳಿದ ಮೂರೂ ಬೇರೆ ಬೇರೆ ಜೀವಿಗಳು. ಅದನ್ನು ಮೊದಲು ಬಿಡಿಸಿಕೊಳ್ಳೋಣ, ಯಾಕಂದ್ರೆ ಒಂದಕ್ಕೆ ಮಾಡುವ ಉಪಚಾರ ಇನ್ನೊಂದನ್ನು ಹೆಚ್ಚಿಸಬಹುದು.

ಮೊದಲು ಬಂದ ಕಂದು ಪುಡಿ ಡಯಾಟಮ್. ಇವು ತಮ್ಮ ಚಿಪ್ಪು ಕಟ್ಟಿಕೊಳ್ಳುವುದೇ ಸಿಲಿಕಾದಿಂದ. ನಲ್ಲಿ ನೀರಿನಲ್ಲಿ ಸಿಲಿಕಾ ಇರುವುದು ಮಾಮೂಲು, ಹೊಸ ಮರಳು ಮತ್ತು ಕಲ್ಲಿನಿಂದಲೂ ಸ್ವಲ್ಪ ಬರುತ್ತದೆ. ಬೆರಳು ಆಡಿಸಿದರೆ ಹೊಗೆ ಎದ್ದ ಹಾಗೆ ಎದ್ದು ಹೋಗುತ್ತದೆ, ಗಾಜಿನ ಮೇಲಿದ್ದರೆ ಒಂದೇ ಒರೆಸಿಗೆ ಹೋಗುತ್ತದೆ. ಸಿಲಿಕಾ ಮುಗಿದ ಮೇಲೆ ಇದು ತಾನಾಗಿ ಇಳಿಯುತ್ತದೆ, ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ನೀವು ನಲ್ಲಿ ನೀರನ್ನೇ ಹಾಕುತ್ತಾ ಹೋದರೆ ಸಿಲಿಕಾ ಮುಗಿಯುವುದೇ ಇಲ್ಲ. ನೀರಿನ ವಿಷಯ ಆಮೇಲೆ ಹೇಳುತ್ತೇನೆ.

ಎರಡನೆಯದು ಹಸಿರು ಕೂದಲು. ನಿಮ್ಮ ಪ್ರಶ್ನೆಯ ಮುಖ್ಯ ಗಂಟು ಇಲ್ಲಿದೆ. ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ, ಮತ್ತೆ ಪಾಚಿ ಏನು ತಿಂದು ಬೆಳೆಯುತ್ತಿದೆ? ಅವೆರಡನ್ನೇ ತಿಂದು ಬೆಳೆಯುತ್ತಿದೆ. ಮೀನಿಗೆ ಹಾಕಿದ ಆಹಾರ, ಮೀನಿನ ಹೇಲು, ಕಲ್ಲಿನಿಂದ ಸೋರುವ ಫಾಸ್ಫೇಟ್, ಎಲ್ಲ ನೀರಿಗೆ ಬಂದ ಕ್ಷಣವೇ ಪಾಚಿ ಹೀರಿಕೊಳ್ಳುತ್ತದೆ. ಟೆಸ್ಟ್ ಕಿಟ್ ಅಳೆಯುವುದು ನೀರಿನಲ್ಲಿ ಉಳಿದಿರುವುದನ್ನು ಮಾತ್ರ, ಕಲ್ಲಿನ ಮೇಲೆ ಹಸಿರಾಗಿ ಕೂತಿರುವುದು ಅದಕ್ಕೆ ಕಾಣಿಸುವುದಿಲ್ಲ. ನಿಮ್ಮ ನೈಟ್ರೇಟ್, ಫಾಸ್ಫೇಟ್ ಈಗ ಆ ಕೂದಲಿನ ಒಳಗಿದೆ. ಅದನ್ನು ಕಿತ್ತು ಟ್ಯಾಂಕಿನಿಂದ ಹೊರಗೆ ಹಾಕಿದರೆ ಪೋಷಕಾಂಶವೂ ಅದರ ಜೊತೆಗೇ ಹೊರಗೆ ಹೋಗುತ್ತದೆ. ಔಷಧ ಹಾಕಿ ಒಳಗೇ ಕೊಂದರೆ? ಕೊಳೆತು ಅಷ್ಟೂ ಮತ್ತೆ ನೀರಿಗೇ ಬರುತ್ತದೆ.

ಜೊತೆಗೆ ಕಿಟ್ ಮೇಲೂ ಪೂರ್ತಿ ನಂಬಿಕೆ ಇಡಬೇಡಿ. ಬಣ್ಣ ಹೋಲಿಸಿ ನೋಡುವ ಫಾಸ್ಫೇಟ್ ಕಿಟ್‌ಗಳಲ್ಲಿ 0.03 ಪಿಪಿಎಂಗೂ (ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ) ಸೊನ್ನೆಗೂ ಇರುವ ವ್ಯತ್ಯಾಸ ಕಣ್ಣಿಗೆ ಸಿಗುವುದು ಕಷ್ಟ. ಅಂಕಿ ತೋರಿಸುವ ಡಿಜಿಟಲ್ ಚೆಕರ್ ಇದ್ದರೆ ಒಳ್ಳೆಯದು. ಅದು ಫಾಸ್ಫರಸ್ಸನ್ನು ಪಿಪಿಬಿಯಲ್ಲಿ (ಪಿಪಿಎಂನ ಸಾವಿರದಲ್ಲೊಂದು ಭಾಗ) ತೋರಿಸುವ ಮಾದರಿಯಾದರೆ 3.066ರಿಂದ ಗುಣಿಸಿ, 1000ರಿಂದ ಭಾಗಿಸಿ. 10 ಪಿಪಿಬಿ ಫಾಸ್ಫರಸ್ ಅಂದರೆ ಸುಮಾರು 0.03 ಪಿಪಿಎಂ ಫಾಸ್ಫೇಟ್ ಆಯಿತು. ಈ ಲೆಕ್ಕ ಮಾಡದೆ 10 ಅಂತ ನೋಡಿ ಗಾಬರಿಯಾಗುವವರು ಬಹಳ ಜನ.

ಈಗ ನಾನು ಒತ್ತಿ ಹೇಳಬೇಕಾದ ಮಾತು. ಸೊನ್ನೆ ನಿಮ್ಮ ಗುರಿ ಆಗಬಾರದು. ಪಾಚಿ ಕಂಡ ಕೂಡಲೇ ಎಲ್ಲರೂ ಮಾಡುವುದು ಒಂದೇ: ಮೀನಿಗೆ ಆಹಾರ ನಿಲ್ಲಿಸುವುದು, ಫಾಸ್ಫೇಟ್ ಹೀರುವ ಕಬ್ಬಿಣದ ಕಾಳು ಜಿಎಫ್‌ಒ ಸುರಿಯುವುದು, ಎರಡು ದಿನಕ್ಕೊಮ್ಮೆ ನೀರು ಬದಲಿಸುವುದು. ಹಸಿರು ಕೂದಲು ಹೋಗುತ್ತದೆ, ಖುಷಿಯಾಗುತ್ತದೆ. ಆಮೇಲೆ ಆ ಖಾಲಿ ಜಾಗಕ್ಕೆ ಡೈನೊ ಬರುತ್ತದೆ, ಅಂದರೆ ಡೈನೊಫ್ಲಾಜೆಲೇಟ್. ನೈಟ್ರೇಟ್, ಫಾಸ್ಫೇಟ್ ನಿಜವಾಗಿಯೂ ತಳ ಕಂಡ ಟ್ಯಾಂಕಿನಲ್ಲಿ ಬೇರೆಯವು ಸೊರಗುತ್ತವೆ, ಇವು ಹಬ್ಬುತ್ತವೆ. ಹಸಿರು ಕೂದಲಿನ ಹತ್ತು ಟ್ಯಾಂಕ್ ಬೇಕಾದರೆ ಕೊಡಿ, ಡೈನೊ ಇರುವ ಒಂದು ಟ್ಯಾಂಕ್ ಬೇಡ ಅನ್ನುವವನು ನಾನು.

ಡೈನೊ ನೋಡಲು ಹೇಗಿರುತ್ತದೆ ಅಂತ ಈಗಲೇ ತಿಳಿದುಕೊಂಡಿರಿ. ಕಂದು ಬಣ್ಣದ ಸಿಂಬಳದಂಥ ಎಳೆಗಳು, ತುದಿಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡು ಮೇಲಕ್ಕೆ ಜಗ್ಗುತ್ತಿರುತ್ತವೆ. ಬೆಳಗ್ಗೆ ಲೈಟ್ ಹಾಕಿದಾಗ ಮರಳು ಬೆಳ್ಳಗೆ ಚೆನ್ನಾಗಿ ಕಾಣುತ್ತದೆ, ಸಂಜೆ ಹೊತ್ತಿಗೆ ಮತ್ತೆ ಕಂದು. ಬಸವನಹುಳುಗಳು ಕಾರಣವಿಲ್ಲದೆ ಸಾಯುತ್ತಿದ್ದರೆ ಅದೂ ಒಂದು ಸುಳಿವು, ಯಾಕಂದ್ರೆ ಕೆಲವು ಡೈನೊಗಳಲ್ಲಿ ವಿಷ ಇರುತ್ತದೆ. ಅನುಮಾನ ಇದ್ದರೆ ಒಂದು ಸುಲಭ ಪರೀಕ್ಷೆ ಮಾಡಿ. ಆ ಲೋಳೆಯನ್ನು ಟ್ಯಾಂಕ್ ನೀರಿನ ಜೊತೆ ಒಂದು ಸಣ್ಣ ಬಾಟಲಿಗೆ ಎಳೆದುಕೊಳ್ಳಿ. ಎಳೆಗಳೆಲ್ಲ ಒಡೆದು ನೀರು ಕಲಕುವ ತನಕ ಜೋರಾಗಿ ಅಲ್ಲಾಡಿಸಿ. ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ. ಸೋಸಿದ ನೀರನ್ನು ಗಾಜಿನ ಲೋಟದಲ್ಲಿ ಲೈಟ್ ಕೆಳಗಿಡಿ. ಒಂದು ಗಂಟೆ ಬಿಟ್ಟು ನೋಡಿದಾಗ ತಿಳಿ ನೀರಿನಲ್ಲಿ ಮತ್ತೆ ಎಳೆ ಎಳೆಯಾಗಿ ಕೂಡಿಕೊಂಡಿದ್ದರೆ ಅದು ಬಹುಮಟ್ಟಿಗೆ ಡೈನೊ. 400 ಪಟ್ಟು ದೊಡ್ಡದು ಮಾಡಿ ತೋರಿಸುವ ಮೈಕ್ರೋಸ್ಕೋಪ್ ಯಾರ ಹತ್ತಿರವಾದರೂ ಇದ್ದರೆ ಇನ್ನೂ ಖಚಿತವಾಗುತ್ತದೆ, ಮಕ್ಕಳ ಅಗ್ಗದ ಮೈಕ್ರೋಸ್ಕೋಪ್ ಆದರೂ ಸಾಕು. ಆಸ್ಟ್ರಿಯಾಪ್ಸಿಸ್ ಜಾತಿಯವು ನೀರಿನ ಹನಿಯ ಆಕಾರದಲ್ಲಿದ್ದು, ದಾರ ಕಟ್ಟಿದ ಹಾಗೆ ಒಂದೇ ಬಿಂದುವಿನ ಸುತ್ತ ಗಿರಗಿರ ತಿರುಗುತ್ತಿರುತ್ತವೆ. ಅದು ರಾತ್ರಿ ನೀರಿಗೆ ಏಳುವುದರಿಂದ ನೀರು ಹಾಯಿಸಿ ಸೂಕ್ಷ್ಮಜೀವಿ ಕೊಲ್ಲುವ ಯುವಿ ದೀಪಕ್ಕೆ ಸಿಗುತ್ತದೆ. ಮರಳಿನಲ್ಲೇ ಅಂಟಿಕೊಂಡಿರುವ ಇನ್ನೊಂದು ಡೈನೊ, ದೊಡ್ಡ ಆಂಫಿಡಿನಿಯಮ್, ಸಿಗುವುದಿಲ್ಲ. ಅದಕ್ಕೇ ಜಾತಿ ಗೊತ್ತಿಲ್ಲದೆ ಯುವಿ ಕೊಳ್ಳಬೇಡಿ.

ಸದ್ಯ ನಿಮ್ಮಲ್ಲಿ ಇರುವುದು ಡೈನೊ ಅಂತ ನಾನು ಅಂದುಕೊಂಡಿಲ್ಲ. ಆದರೆ ಎರಡೂ ಸೊನ್ನೆ ಅಂತ ಬರೆದಿದ್ದೀರಲ್ಲ, ಆ ದಾರಿಯ ಬಾಗಿಲಲ್ಲೇ ನಿಂತಿದ್ದೀರಿ. ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಒಳಗೆ ಕಾಣಿಸಿಕೊಂಡರೆ ಒಳ್ಳೆಯದು. ಇಷ್ಟು ಇದ್ದರೆ ಪಾಚಿ ಜಾಸ್ತಿಯಾಗಲ್ವಾ ಅಂತ ಕೇಳುತ್ತೀರಿ. ಸ್ವಲ್ಪ ಆಗುತ್ತದೆ. ಆಗಲಿ ಬಿಡಿ. ಬ್ಯಾಕ್ಟೀರಿಯಾಕ್ಕೂ, ಕೋರಲೈನ್ ಪಾಚಿಗೂ, ನಾಳೆ ನೀವು ಇಡುವ ಹವಳಕ್ಕೂ ಬೇಕಾಗಿರುವುದು ಅದೇ ಊಟ.

ಮೂರನೆಯದು ಮೂಲೆಯ ಕಡುಗೆಂಪು ಪದರ. ಇದು ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಒಂದು ಪಿಪೆಟ್ ತೆಗೆದುಕೊಂಡು ಅದರ ಅಂಚಿಗೆ ಮೆಲ್ಲಗೆ ನೀರು ಊದಿ ನೋಡಿ. ಬಟ್ಟೆ ಮಡಚಿ ಎದ್ದ ಹಾಗೆ ಹಾಳೆ ಹಾಳೆಯಾಗಿ ಎದ್ದು ಬಂದರೆ ಅದೇ. ಕೆಳಗೆ ಮರಳು ಬಿಳಿಯಾಗಿಯೇ ಇರುತ್ತದೆ. ಹೊರಗೆ ತೆಗೆದರೆ ಕೆಟ್ಟ ವಾಸನೆ. ಇದು ಸಾಮಾನ್ಯವಾಗಿ ನೀರು ಓಡಾಡದ ಕಡೆ, ಕಸ ಬಂದು ಕೂರುವ ಕಡೆ ಬರುತ್ತದೆ, ಮತ್ತು ನೀವು ‘ಒಂದು ಮೂಲೆ’ ಅಂದಿರುವುದರಿಂದ ನಿಮ್ಮಲ್ಲೂ ಕಾರಣ ಅದೇ ಇರಬೇಕು. ಪವರ್‌ಹೆಡ್ಡನ್ನು, ಅಂದರೆ ನೀರು ತಳ್ಳುವ ಪಂಪನ್ನು, ಆ ಮೂಲೆಗೆ ನೀರು ತಾಗುವ ಹಾಗೆ ತಿರುಗಿಸಿ. ಪದರವನ್ನು ನೀರು ಬದಲಿಸುವಾಗ ಪೈಪಿನಲ್ಲಿ ಎಳೆದು ಹಾಕಿ. ನೈಟ್ರೇಟ್ ಸೊನ್ನೆ ಮಾಡಿದರೆ ಇದು ಸಾಯುತ್ತದೆ ಅಂತ ಅಂದುಕೊಳ್ಳಬೇಡಿ. ಸಯನೋಗಳಲ್ಲಿ ಕೆಲವು ನೀರಿನಲ್ಲಿ ಕರಗಿದ ಸಾರಜನಕವನ್ನೇ ಹಿಡಿದು ಬದುಕಬಲ್ಲವು, ಸೊನ್ನೆ ನೈಟ್ರೇಟ್ ಅವುಗಳಿಗೆ ಅನುಕೂಲವೇ.

ಇನ್ನು ಮಾಡಬೇಕಾದ ಕೆಲಸ. ನೀರಿನಿಂದ ಶುರು ಮಾಡೋಣ. ನಲ್ಲಿ ನೀರು ನಿಲ್ಲಿಸಿ, ಆರ್‌ಒ ಡಿಐ ನೀರಿಗೆ ಬನ್ನಿ, ಅಂದರೆ ಆರ್‌ಒ ಆದ ಮೇಲೆ ಡಿಐ ರೆಸಿನ್ ಕಾಳುಗಳ ಮೂಲಕವೂ ಹಾಯಿಸಿ ಕರಗಿದ್ದನ್ನೆಲ್ಲ ತೆಗೆದ ನೀರು. ಕ್ಲೋರಿನ್ ತೆಗೆಯುವ ದ್ರಾವಣ ಕ್ಲೋರಿನ್ ಮಾತ್ರ ತೆಗೆಯುತ್ತದೆ. ಸಿಲಿಕಾ, ನೈಟ್ರೇಟ್, ಫಾಸ್ಫೇಟ್ ಹಾಗೇ ಉಳಿಯುತ್ತವೆ. ಅಡುಗೆಮನೆಯ ಆರ್‌ಒ ಇದ್ದರೆ ಸಾಕಾ ಅಂತ ಬಹಳ ಜನ ಕೇಳುತ್ತಾರೆ. ನಲ್ಲಿ ನೀರಿಗಿಂತ ಎಷ್ಟೋ ವಾಸಿ, ಆದರೆ ಕುಡಿಯುವ ನೀರಿನ ಯಂತ್ರಗಳಲ್ಲಿ ರುಚಿಗೆ ಅಂತ ಮತ್ತೆ ಖನಿಜ ಸೇರಿಸುವ ಭಾಗ ಇರುವುದುಂಟು, ಅದನ್ನು ನೋಡಿಕೊಳ್ಳಿ. ನೀರು ಆರ್‌ಒ ದಾಟಿದ ಮೇಲೆ ಒಂದು ಡಿಐ ರೆಸಿನ್ ಡಬ್ಬಿ ಇರಬೇಕು, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಇಲ್ಲೊಂದು ಮೋಸ ಇದೆ. ಟಿಡಿಎಸ್ ಮೀಟರಿಗೆ ಸಿಲಿಕಾ ಸರಿಯಾಗಿ ಕಾಣುವುದಿಲ್ಲ, ಅದು ನೀರಿನಲ್ಲಿ ಹೆಚ್ಚಾಗಿ ವಿದ್ಯುತ್ ಹರಿಸುವ ರೂಪದಲ್ಲಿ ಇರುವುದಿಲ್ಲವಾದ್ದರಿಂದ. ರೆಸಿನ್ ಸವೆಯಲು ಶುರುವಾದಾಗ ಮೊದಲು ಸೋರುವವುಗಳಲ್ಲಿ ಸಿಲಿಕಾ ಒಂದು. ಮೀಟರ್ 1, 2 ತೋರಿಸುವ ಹೊತ್ತಿಗೆ ಅದು ಆಗಲೇ ಟ್ಯಾಂಕಿಗೆ ಹೋಗಿರುತ್ತದೆ. ಎಲ್ಲ ಸರಿ ಇದ್ದೂ ಕಂದು ಪುಡಿ ಮತ್ತೆ ಮತ್ತೆ ಬರುತ್ತಿದ್ದರೆ ಮೊದಲು ರೆಸಿನ್ ಬದಲಿಸಿ.

ಆವಿಯಾಗಿ ಇಳಿದ ನೀರನ್ನು ತುಂಬುವುದಕ್ಕೂ ಇದೇ ಶುದ್ಧ ನೀರು, ಉಪ್ಪು ಹಾಕದೆ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಇರುತ್ತದೆ. ನಲ್ಲಿ ನೀರಿನಿಂದ ತುಂಬಿದರೆ ಸಿಲಿಕಾ, ಫಾಸ್ಫೇಟ್ ದಿನಾ ಸ್ವಲ್ಪ ಸ್ವಲ್ಪ ಸೇರುತ್ತಾ ಹೋಗುತ್ತವೆ, ಗೊತ್ತೇ ಆಗುವುದಿಲ್ಲ. ಉಪ್ಪಿನ ಮಟ್ಟ 35 ಪಿಪಿಟಿ (ಸಾವಿರದಲ್ಲಿ 35 ಭಾಗ) ಇರಲಿ, ಅಂದರೆ 25 ಡಿಗ್ರಿಯಲ್ಲಿ ಸಾಪೇಕ್ಷ ಸಾಂದ್ರತೆ ಸುಮಾರು 1.026. ಉಪ್ಪಿನ ಮಟ್ಟ ಅಳೆಯುವ ರಿಫ್ರಾಕ್ಟೋಮೀಟರನ್ನು ಬರೀ ಶುದ್ಧ ನೀರಿಗೆ ಸೊನ್ನೆ ಮಾಡಿ ಬಿಡಬೇಡಿ, 35 ಪಿಪಿಟಿ ದ್ರಾವಣದಲ್ಲೂ ಸರಿ ನೋಡಿ.

ಹಳೇ ನೀರನ್ನು ಒಂದೇ ಸಲ ತೆಗೆಯಬೇಡಿ. ವಾರಕ್ಕೆ 20 ಲೀಟರ್ ಸಾಕು. ಅಷ್ಟಕ್ಕೆ ಬ್ರಾಂಡಿನ ಮೇಲೆ 700ರಿಂದ 800 ಗ್ರಾಂ ಉಪ್ಪು ಬೇಕಾಗುತ್ತದೆ. ಪೂರ್ತಿ ಕರಗಿ ನೀರು ತಿಳಿಯಾಗಿ, ಬಿಸಿಯೂ ಟ್ಯಾಂಕಿನಷ್ಟೇ ಆದ ಮೇಲೆ ಹಾಕಿ.

ಲೈಟ್ 12 ಗಂಟೆ ಯಾಕೆ? ನಿಮ್ಮಲ್ಲಿ ಹವಳ ಇಲ್ಲ. ಕ್ಲೌನ್ ಮೀನಿಗೆ ಕೋಣೆಯ ಬೆಳಕೇ ಸಾಕು. ಈಗ ಆ ಬೆಳಕನ್ನೆಲ್ಲ ಉಣ್ಣುತ್ತಿರುವುದು ಪಾಚಿ ಒಂದೇ. 6 ಗಂಟೆಗೆ ಇಳಿಸಿ, ಬಿಳಿ ಮತ್ತು ಕೆಂಪು ಚಾನೆಲ್ ಕಡಿಮೆ ಮಾಡಿ ನೀಲಿ ಇಟ್ಟುಕೊಳ್ಳಿ. ಕಿಟಕಿಯ ಬಿಸಿಲು ಟ್ಯಾಂಕಿಗೆ ಬೀಳುತ್ತಿದ್ದರೆ ಪರದೆ ಎಳೆಯಿರಿ. ಹವಳ ಇಟ್ಟ ಮೇಲೆ ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಏರಿಸಿ 8, 9 ಗಂಟೆಗೆ ತಂದರೆ ಆಯಿತು. ಮೂರು ದಿನ ಪೂರ್ತಿ ಕತ್ತಲು ಮಾಡುವ ಉಪಾಯ ನಿಮಗೆ ಯಾರಾದರೂ ಹೇಳಿರಬಹುದು. ಅದು ಸಯನೋಗೆ ಸ್ವಲ್ಪ ಮಟ್ಟಿಗೆ ನಾಟುತ್ತದೆ, ಕೂದಲು ಪಾಚಿ ಮೂರು ದಿನ ಕತ್ತಲಲ್ಲಿ ಸುಮ್ನೆ ಕಾಯುತ್ತದೆ, ಅಷ್ಟೇ.

ಇನ್ನು ಕೈ ಕೆಲಸ. ಇದೇ ಮುಖ್ಯ, ಮತ್ತು ಎಲ್ಲರೂ ತಪ್ಪಿಸಿಕೊಳ್ಳುವುದೂ ಇದನ್ನೇ. ಒಂದು ಗಟ್ಟಿ ಎಳೆಯ ಹೊಸ ಹಲ್ಲುಜ್ಜುವ ಬ್ರಷ್ ತೆಗೆದುಕೊಳ್ಳಿ. ಹೆಬ್ಬೆರಳು ಗಾತ್ರದ ಪಾರದರ್ಶಕ ಪೈಪಿನ ತುದಿಗೆ ಅದನ್ನು ಎರಡು ರಬ್ಬರ್ ಬ್ಯಾಂಡ್‌ನಿಂದ ಕಟ್ಟಿ, ಬ್ರಷ್‌ನ ಎಳೆಗಳು ಪೈಪಿನ ಬಾಯಿಯ ಪಕ್ಕಕ್ಕೇ ಬರಬೇಕು. ಪೈಪಿನ ಇನ್ನೊಂದು ತುದಿ ಬಕೆಟ್ಟಿಗೆ. ನೀರು ಹರಿಯಲು ಶುರುವಾದ ಮೇಲೆ ಕಲ್ಲನ್ನು ಉಜ್ಜಿ, ಕಿತ್ತ ಪಾಚಿ ಟ್ಯಾಂಕಿನಲ್ಲಿ ಹರಡುವ ಮೊದಲೇ ಪೈಪಿಗೆ ಹೋಗಿಬಿಡುತ್ತದೆ. ಬರೀ ಬ್ರಷ್‌ನಿಂದ ಉಜ್ಜಿ ಬಿಟ್ಟರೆ ತುಂಡುಗಳು ತೇಲಿ ಹೋಗಿ ಬೇರೆ ಕಲ್ಲಿನ ಮೇಲೆ ಬೇರೂರುತ್ತವೆ, ಮುಂದಿನ ವಾರಕ್ಕೆ ಎರಡು ಪಟ್ಟು ಕೆಲಸ. ನೀರು ಹರಿಸಲು ಪೈಪನ್ನು ಬಾಯಿಂದ ಎಳೆಯಬೇಡಿ. ಪೂರ್ತಿ ಪೈಪನ್ನು ಟ್ಯಾಂಕಿನಲ್ಲಿ ಮುಳುಗಿಸಿ ನೀರು ತುಂಬಿಸಿ, ಒಂದು ತುದಿಯನ್ನು ಬೆರಳಿನಿಂದ ಮುಚ್ಚಿ ಹೊರಗೆ ತಂದು ಬಿಟ್ಟರೆ ಹರಿಯುತ್ತದೆ. 20 ಲೀಟರಿನ ಬಕೆಟ್ ತುಂಬುವ ತನಕ ಉಜ್ಜಿ, ಆಮೇಲೆ ನಿಲ್ಲಿಸಿ. ಎಲ್ಲ ಕಲ್ಲನ್ನೂ ಒಂದೇ ದಿನ ಮುಗಿಸುವ ಹಟ ಬೇಡ. ಉದ್ದ ಎಳೆಗಳನ್ನು ಮೊದಲು ಬೆರಳಿನಿಂದ ತಿರುಚಿ ಕಿತ್ತರೆ ಕೆಲಸ ಬೇಗ ಆಗುತ್ತದೆ. ಒಂದು ಕಲ್ಲು ಸುಲಭವಾಗಿ ಹೊರಗೆ ಬರುತ್ತದಾ? ಹಾಗಾದರೆ ಹಳೆ ಟ್ಯಾಂಕ್ ನೀರಿನ ಬಕೆಟ್ಟಿನಲ್ಲೇ ಉಜ್ಜಿ, ನಲ್ಲಿಯ ಕೆಳಗೆ ಹಿಡಿಯಬೇಡಿ.

ಉಜ್ಜಿ ತೆಗೆದ ಮೇಲೆ ನೈಟ್ರೇಟ್, ಫಾಸ್ಫೇಟ್ ಮತ್ತೆ ನೋಡಿ. ಪಾಚಿ ಕಡಿಮೆಯಾದ ಮೇಲೆ ಅಂಕಿ ಮೇಲೆ ಬಂದರೆ ನಿಮ್ಮ ಸೊನ್ನೆ ಪಾಚಿ ಹೀರಿದ್ದರಿಂದ ಬಂದ ಸೊನ್ನೆ. ಪಾಚಿ ಕಡಿಮೆಯಾಗಿಯೂ ಎರಡೂ ಸೊನ್ನೆಯಲ್ಲೇ ಕೂತಿದ್ದರೆ ಮಾತ್ರ ಎಚ್ಚರ, ಆಗ ಮೀನಿಗೆ ಸ್ವಲ್ಪ ಜಾಸ್ತಿ ಹಾಕಿ, ನೀರು ಬದಲಿಸುವುದನ್ನು ಕಡಿಮೆ ಮಾಡಿ. ಇದು ಎಲ್ಲರೂ ಹೇಳುವುದಕ್ಕೆ ಉಲ್ಟಾ ಅನಿಸುತ್ತದೆ, ಗೊತ್ತು.

ಈಗಿನ ಮಟ್ಟಿಗೆ ಎರಡು ಪುಟ್ಟ ಮೀನಿಗೆ ದಿನಕ್ಕೊಮ್ಮೆ, ಒಂದೆರಡು ನಿಮಿಷದಲ್ಲಿ ಮುಗಿಸುವಷ್ಟು ಹಾಕಿ. ಫ್ರೋಜನ್ ಕ್ಯೂಬ್ ಪೂರ್ತಿ ಹಾಕಿದರೆ ಎರಡು ಮೀನಿಗೆ ಅದು ಮದುವೆ ಊಟ. ಕಾಲು ಭಾಗ ಕತ್ತರಿಸಿ, ಲೋಟದಲ್ಲಿ ಕರಗಿಸಿ, ಆ ನೀರನ್ನು ಚೆಲ್ಲಿ, ಉಳಿದದ್ದನ್ನು ಮಾತ್ರ ಹಾಕಿ. ಫಿಲ್ಟರ್ ಸ್ಪಾಂಜ್, ಫಿಲ್ಟರ್ ಸಾಕ್ (ಬಟ್ಟೆ ಚೀಲ) ಏನೇ ಇದ್ದರೂ ವಾರಕ್ಕೆ ಎರಡು ಸಲ ತೊಳೆಯಿರಿ, ಅಲ್ಲಿ ಸಿಕ್ಕಿಕೊಂಡ ಕಸ ಅಲ್ಲೇ ಕೊಳೆತು ನೀರಿಗೇ ಸೇರುತ್ತದೆ.

ಬಸವನಹುಳು ತನ್ನಿ, ಆದರೆ ಕೂದಲನ್ನು ಉಜ್ಜಿ ಗಿಡ್ಡ ಮಾಡಿದ ಮೇಲೆ. ಬಹುತೇಕ ಬಸವನಹುಳು ಉದ್ದ ಪಾಚಿಯನ್ನು ಮುಟ್ಟುವುದಿಲ್ಲ. ಗಿಡ್ಡ ಇದ್ದರೆ ಮತ್ತೆ ಬೆಳೆಯಲು ಬಿಡದೆ ಕೆರೆಯುತ್ತವೆ. ನನ್ನ ಆಯ್ಕೆ ಟ್ರೋಕಸ್. ಮಗುಚಿ ಬಿದ್ದರೆ ತಾನೇ ಎದ್ದುಕೊಳ್ಳುತ್ತದೆ. ಆಸ್ಟ್ರಿಯಾ ಬಸವನಹುಳು ಚೆನ್ನಾಗಿ ಕೆಲಸ ಮಾಡಿದರೂ ಮರಳಿನ ಮೇಲೆ ಅಂಗಾತ ಬಿದ್ದರೆ ಏಳಲಾರದೆ ಸಾಯುತ್ತದೆ, ದಿನಾ ನೋಡಿ ತಿರುಗಿಸುವ ವ್ಯವಧಾನ ಇರಬೇಕು. ಟರ್ಬೊ ಬಲಶಾಲಿ, ಸ್ವಲ್ಪ ಉದ್ದ ಕೂದಲನ್ನೂ ತಿನ್ನುತ್ತದೆ, ಆದರೆ ಅಂಟಿಸದೆ ಇಟ್ಟ ಹವಳವನ್ನೆಲ್ಲ ಬೀಳಿಸುತ್ತಾ ಹೋಗುತ್ತದೆ. ಮರಳಿಗೆ ಸೆರಿತ್ ಬಸವನಹುಳು. ನಸ್ಸಾರಿಯಸ್ ಪಾಚಿ ತಿನ್ನುತ್ತದೆ ಅಂತ ಮಾರಿದರೆ ನಂಬಬೇಡಿ, ಅದು ತಿನ್ನುವುದು ಬಿದ್ದ ಮಾಂಸದ ಆಹಾರ. ಸನ್ಯಾಸಿ ಏಡಿ ಬೇಕಾದರೆ ಒಂದೆರಡು ಇರಲಿ, ಜೊತೆಗೆ ಖಾಲಿ ಚಿಪ್ಪುಗಳನ್ನು ಹಾಕಿ, ಇಲ್ಲದಿದ್ದರೆ ಚಿಪ್ಪಿಗಾಗಿ ಬಸವನಹುಳುವನ್ನೇ ಕೊಲ್ಲುತ್ತದೆ.

ಎಷ್ಟು? ಟ್ರೋಕಸ್ 5, ಸೆರಿತ್ 5, ಇಷ್ಟರಿಂದ ಶುರು ಮಾಡಿ. 40, 50 ಹುಳುಗಳ ಪ್ಯಾಕೇಜ್ ಮಾರುವವರಿದ್ದಾರೆ. ತಿಂಗಳಲ್ಲಿ ಪಾಚಿ ಮುಗಿಯುತ್ತದೆ, ಆಮೇಲೆ ಅವು ಹಸಿದು ಸತ್ತು ಕೊಳೆಯುತ್ತವೆ, ಅದೇ ಮತ್ತೆ ಪಾಚಿಗೆ ಗೊಬ್ಬರ. ತಂದ ಮೇಲೆ ಹನಿ ಹನಿಯಾಗಿ ಟ್ಯಾಂಕ್ ನೀರು ಬಿಟ್ಟು ಒಂದು ಗಂಟೆಯಾದರೂ ಒಗ್ಗಿಸಿ, ಉಪ್ಪಿನ ಮಟ್ಟ ಥಟ್ಟನೆ ಬದಲಾದರೆ ಇವು ತಡೆಯುವುದಿಲ್ಲ. ಪಾಚಿ ತಿನ್ನುತ್ತದೆ ಅಂತ 200 ಲೀಟರಿಗೆ ಟ್ಯಾಂಗ್ ಮೀನು ತರಬೇಡಿ, ಅದಕ್ಕೆ ಈಜಲು ಜಾಗ ಸಾಲದು.

ಔಷಧದ ಬಾಟಲಿಗೆ ಬರೋಣ. ಲೇಬಲ್ ಮೇಲೆ ತಾಮ್ರ ಅಂತ ಇದೆಯಾ ನೋಡಿ. ಪಾಚಿ ಕೊಲ್ಲುವ ಎಷ್ಟೋ ದ್ರಾವಣಗಳಲ್ಲಿ ತಾಮ್ರ ಇರುತ್ತದೆ, ಅದು ಬಸವನಹುಳು, ಸೀಗಡಿ, ಹವಳ ಎಲ್ಲಕ್ಕೂ ವಿಷ. ಸುಣ್ಣದ ಕಲ್ಲು, ಮರಳು ಅದನ್ನು ಹೀರಿಕೊಂಡು ಆಮೇಲೆ ನಿಧಾನಕ್ಕೆ ಬಿಡುತ್ತವೆ, ಹಾಗಾಗಿ ಇವತ್ತು ಹಾಕಿದ್ದು ಮುಂದೆ ಹವಳ ಇಟ್ಟಾಗ ಕಾಡಬಹುದು. ತಾಮ್ರ ಇಲ್ಲದಿದ್ದರೂ ಒಂದೇ ಸಲಕ್ಕೆ ಅಷ್ಟು ಪಾಚಿ ಸತ್ತರೆ ಕೊಳೆಯುವಾಗ ನೀರಿನ ಆಮ್ಲಜನಕ ಕುಸಿಯುತ್ತದೆ, ಅಮೋನಿಯಾ ಏರುತ್ತದೆ. ಎರಡು ತಿಂಗಳ ಟ್ಯಾಂಕಿನ ಬ್ಯಾಕ್ಟೀರಿಯಾಗೆ ಅಷ್ಟನ್ನು ಅರಗಿಸಿಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಸಯನೋಗೆ ಎರಿತ್ರೋಮೈಸಿನ್ ಹಾಕಿ ಅನ್ನುವವರೂ ಇದ್ದಾರೆ. ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಅದು ಆ್ಯಂಟಿಬಯೋಟಿಕ್, ನೀವು ಎರಡು ತಿಂಗಳಿಂದ ಬೆಳೆಸುತ್ತಿರುವುದೇ ಬ್ಯಾಕ್ಟೀರಿಯಾ. ಒಂದು ಮೂಲೆಯ ಪದರಕ್ಕೆ ಇಷ್ಟೆಲ್ಲ ಯಾಕೆ.

ಜಿಎಫ್‌ಒ, ದುಬಾರಿ ರಿಯಾಕ್ಟರ್, ಇವೆಲ್ಲ ಸದ್ಯಕ್ಕೆ ಬೇಡ. ಫಾಸ್ಫೇಟ್ 0.2 ದಾಟಿ ಅಲ್ಲೇ ಕೂತರೆ, ಒಣ ಕಲ್ಲಿನಿಂದ ಸೋರುತ್ತಿದೆ ಅಂತ ಖಾತ್ರಿಯಾದರೆ, ಆಗ ಜಿಎಫ್‌ಒ ಸ್ವಲ್ಪವೇ ಹಾಕಿ ನಿಧಾನಕ್ಕೆ ಇಳಿಸಬಹುದು. ಕಲ್ಲಿನ ಅನುಮಾನ ಇದ್ದರೆ ಮಿಕ್ಕ ಒಂದು ತುಂಡನ್ನು ಶುದ್ಧ ನೀರಿನಲ್ಲಿ ಕೆಲವು ದಿನ ನೆನೆಸಿಟ್ಟು ಆ ನೀರಿನ ಫಾಸ್ಫೇಟ್ ನೋಡಿ. ಟ್ಯಾಂಕಿನ ಕೆಳಗೆ ಸಂಪ್ (ಫಿಲ್ಟರ್ ಇಡುವ ಎರಡನೇ ತೊಟ್ಟಿ) ಇದ್ದರೆ ಅದರಲ್ಲಿ ಒಂದು ಮುಷ್ಟಿ ಕೀಟೊ ಅನ್ನುವ ಸಾಕುವ ಪಾಚಿ ಹಾಕಿ, ರಾತ್ರಿ ಅದಕ್ಕೆ ಬೇರೆ ದೀಪ ಉರಿಸಿ. ಅದು ಬೆಳೆದಷ್ಟೂ ಕಿತ್ತು ಎಸೆದರೆ ಮೇಲಿನ ಟ್ಯಾಂಕಿನ ಪಾಚಿಗೆ ಊಟ ಕಡಿಮೆಯಾಗುತ್ತದೆ. ಇದು ನನಗೆ ಇಷ್ಟವಾದ ದಾರಿ, ಆದರೆ ಇದೂ ಅಂಕಿ ಸೊನ್ನೆಗೆ ಇಳಿಯದ ಹಾಗೆ ನೋಡಿಕೊಂಡು.

ಗೆಳೆಯರ ಹಳೆಯ, ಆರೋಗ್ಯವಾಗಿರುವ ಟ್ಯಾಂಕ್ ಇದ್ದರೆ ಅಲ್ಲಿಂದ ಒಂದು ಸಣ್ಣ ಕಲ್ಲು, ಒಂದು ಲೋಟ ಮರಳು ಕೇಳಿ ತನ್ನಿ. ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾದಲ್ಲಿ ಸಿಗದ ಎಷ್ಟೋ ಜೀವಿಗಳು ಅದರ ಜೊತೆ ಬರುತ್ತವೆ. ಕೇಡಿನವು ಬರುವ ಅಪಾಯವೂ ಇದೆ, ಏಪ್ಟೇಸಿಯಾ ಅನ್ನುವ ಕಂದು ಹೂವಿನಂಥದ್ದು ಅಂಟಿದೆಯಾ ಅಂತ ಕಣ್ಣಿಟ್ಟು ನೋಡಿ ತನ್ನಿ.

ಇನ್ನು ಕೆಲವು ತಿಂಗಳಲ್ಲಿ ಕಲ್ಲಿನ ಮೇಲೆ, ಪಂಪಿನ ಮೇಲೆ, ಹಿಂದಿನ ಗಾಜಿನ ಮೇಲೆ ಗುಲಾಬಿ ಅಥವಾ ನೇರಳೆ ಚುಕ್ಕೆಗಳು ಕಾಣಬಹುದು, ಉಗುರಿನಿಂದ ಕೆರೆದರೂ ಏಳದಷ್ಟು ಗಟ್ಟಿ. ಅದನ್ನು ಹೊಸ ಪಾಚಿ ಅಂತ ಉಜ್ಜಲು ಹೋಗಬೇಡಿ. ಅದೇ ಕೋರಲೈನ್, ಸುಣ್ಣ ಕಟ್ಟಿಕೊಳ್ಳುವ ಪಾಚಿ. ಅದು ಜಾಗ ಹಿಡಿದ ಕಡೆ ಕೂದಲು ಬರುವುದು ಕಡಿಮೆ. ಮುಂದಿನ ಗಾಜನ್ನು ಮಾತ್ರ ಕೆರೆದುಕೊಳ್ಳಿ. ಆಲ್ಕಲಿನಿಟಿ (ಆಮ್ಲವನ್ನು ತಡೆಯುವ ನೀರಿನ ಶಕ್ತಿ, ಡಿಕೆಎಚ್ ಅದರ ಅಳತೆ) 8 ಡಿಕೆಎಚ್ ಆಸುಪಾಸು, ಕ್ಯಾಲ್ಸಿಯಂ 420, ಮೆಗ್ನೀಷಿಯಂ 1300 ಪಿಪಿಎಂ ಆಸುಪಾಸು ಅಲುಗಾಡದೆ ಇದ್ದರೆ ಬೇಗ ಬರುತ್ತದೆ. ನೀರು ಬದಲಿಸುವುದರಿಂದಲೇ ಸದ್ಯಕ್ಕೆ ಅಷ್ಟು ಸಿಗುತ್ತದೆ, ಬೇರೆ ಏನೂ ಸುರಿಯಬೇಕಾಗಿಲ್ಲ.

ಕೊನೆಯದಾಗಿ ನಿಮ್ಮ ಹಸಿರು ಕೂದಲನ್ನು ಒಮ್ಮೆ ಹತ್ತಿರದಿಂದ ನೋಡಿ. ಒಂದು ಎಳೆ ಕಿತ್ತು ಬಿಳಿ ತಟ್ಟೆಯಲ್ಲಿ ಸ್ವಲ್ಪ ನೀರಿನ ಜೊತೆ ಹರಡಿ. ಸಾದಾ ಕೂದಲಿನ ಹಾಗೆ ಎಳೆ ಮಾತ್ರ ಇದ್ದರೆ ನಾನು ಮೇಲೆ ಹೇಳಿದ್ದು ಸಾಕು. ಎಳೆಯ ಎರಡೂ ಕಡೆ ಹಕ್ಕಿಯ ಗರಿಯಂತೆ ಸಣ್ಣ ಕವಲುಗಳಿದ್ದರೆ ಅದು ಬ್ರಯಾಪ್ಸಿಸ್. ಬಸವನಹುಳುಗಳು ಅದನ್ನು ಸಾಮಾನ್ಯವಾಗಿ ಮೂಸಿಯೂ ನೋಡುವುದಿಲ್ಲ, ಉಜ್ಜಿದರೆ ತುಂಡು ತುಂಡಾಗಿ ಹಬ್ಬುತ್ತದೆ. ಅದಕ್ಕೆ ಫ್ಲುಕೊನಜೋಲ್ ಅನ್ನುವ ಬೇರೆಯೇ ಉಪಚಾರ ಇದೆ. ಹಾಗೆ ಕಂಡರೆ ಬ್ರಷ್ ಕೆಳಗಿಡಿ, ಟ್ಯಾಂಕಿನಲ್ಲಿರುವ ನೀರು ಸರಿಯಾಗಿ ಎಷ್ಟು ಲೀಟರ್ ಅಂತ ಕಲ್ಲು, ಮರಳಿನ ಜಾಗ ಕಳೆದು ಲೆಕ್ಕ ಹಾಕಿ, ಒಂದು ಫೋಟೋ ಜೊತೆ ಮತ್ತೆ ಬರೆಯಿರಿ. ಅದರ ಪ್ರಮಾಣ ಆ ಲೆಕ್ಕದ ಮೇಲೆ ಹೇಳಬೇಕಾಗುತ್ತದೆ.